ಮೊಲದ ಸರದಿ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರುಮನೆಯ ಗೇಟು ಕೂಡ ಇದೆಯೋ ಇಲ್ಲವೋ ಎಂಬಂತಿತ್ತು. ಹೊಲಿಗೆಯಮ್ಮ ದೇವರಿಗೆ ಕೈಮುಗಿದು, ಕಿಟಕಿ ಪಕ್ಕದ ಮೆಷಿನ್ನಿನ ಮುಂದೆ ಕೂತು, ಸೂಜಿಗೆ ದಾರ ಪೋಣಿಸಿ, ಮತ್ತೆ ಎದ್ದಳು. ಕೆಲಸ ಓಡಲೊಲ್ಲದು. ತಾನು ಹುಟ್ಟಿದ ದೇಶದಿಂದ ಬಾಲ್ಯದ ಗೆಳತಿ ತುತ್ತೂರಿ ಬರುವವಳಿದ್ದಳು.

"ಇವತ್ತು ಕೇಳೇಬಿಡಮ್ಮ, ನಿನ್ನ ಸರದಿ ಯಾರು ನುಂಗಿದ್ರು ಅಂತ," ಎಂದು ಮಗಳು ನಕ್ಕಳು.

ಆ ಸರದಿಯ ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಹಳೆಯ ಶಾಲೆಯ ಜಗಲಿಯಲ್ಲಿ ರೈಲು ಕಂಬಿಯ ತುಂಡೊಂದು ತೂಗುತ್ತಿತ್ತು. ದಿನಕ್ಕೊಂದು ಮಗು ಕಬ್ಬಿಣದ ಸರಳಿನಿಂದ ಅದನ್ನು ಬಾರಿಸಿದ ಮೇಲೆಯೇ ಶಾಲೆ ಶುರು. ಒಂದು ಸೋಮವಾರ ಹೊಲಿಗೆಯಮ್ಮನ ಸರದಿ ಬಂದಿತ್ತು. ಹಿಂದಿನ ದಿನ ಭಾನುವಾರವೇ ಅಪ್ಪ ಗಂಟುಮೂಟೆ ಕಟ್ಟಿಸಿ, ಯಾರಿಗೂ ಹೇಳದೆ, ಎಲ್ಲರನ್ನೂ ಈ ದೇಶಕ್ಕೆ ಹೊರಡಿಸಿಬಿಟ್ಟಿದ್ದ. ಅಂದು ತಾನಿಲ್ಲದ್ದನ್ನು ಯಾರಾದರೂ ಗಮನಿಸಿದರೇ, ಇಲ್ಲಾ ಸ್ಲೇಟಿನ ಅಕ್ಷರದಂತೆ ಒರೆಸಿಬಿಟ್ಟರೇ? ತಲೆ ನರೆತರೂ ಆ ಮುಳ್ಳು ಒಳಗೇ ಉಳಿದಿತ್ತು.

ತುತ್ತೂರಿ ಬಂದಳು. ಮಂಜಿನಲ್ಲಿ ಮೊದಲು ಬಂದದ್ದು ಅವಳ ದನಿ, ಆಮೇಲೆ ಅವಳು. ಅದೇ ಹಳೆಯ ಶಾಲೆಯಲ್ಲಿ ಈಗ ಅವಳು ಟೀಚರು; ಇಲ್ಲಿನ ಶಾಲೆಗಳನ್ನು ನೋಡಲೆಂದು ಬಂದ ತಂಡದ ಜೊತೆ ಬಂದಿದ್ದಳು.

"ಏನೇ ಮೊಲ, ಇಲ್ಲಿ ಟೀಚರು ಮಕ್ಕಳ ಮುಂದೆ ಮಂಡಿಯೂರಿ ಕೂತು ಮಾತಾಡ್ತಾರಲ್ಲೇ! ನಮ್ಮ ಮೇಷ್ಟ್ರು ನೋಡಿದ್ರೆ ಮೂರ್ಛೆ ಹೋಗ್ತಿದ್ರು."

"ಇಲ್ಲಿನ ಶಾಲೇಲಿ ನನ್ನ ಮೊದಲ ದಿನ ಕೇಳು," ಎಂದಳು ಆಗ ಎಲ್ಲರ ಬಾಯಲ್ಲಿ ಮೊಲವಾಗಿದ್ದ ಹೊಲಿಗೆಯಮ್ಮ. "ಟೀಚರು ಒಳಗೆ ಬಂದ್ರು. ನಾನೊಬ್ಬಳೇ ಎದ್ದು ನಿಂತೆ. ಕೂತ್ಕೋ ಅಂತ ಯಾರೂ ಅನ್ನಲಿಲ್ಲ. ಪಾಠ ಮುಗಿಯೋವರೆಗೂ ನಿಂತೇ ಇದ್ದೆ. ಆಮೇಲೆ ಅವರು, ಪಾಪ, ಕುರ್ಚಿ ಮುರಿದಿದೆಯೇನೋ ಅಂತ ಬೇರೆ ಕುರ್ಚಿ ತಂದು ಹಾಕಿದ್ರು!"

ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅಲ್ಲಿ ಮಗ್ಗಿ ಕೂಗಿದರೆ ಹೆಂಚು ಅದುರುತ್ತಿತ್ತು. ಇಲ್ಲಿ ಪಿಸುಮಾತಿನಲ್ಲೇ ಲೆಕ್ಕ. ಅಲ್ಲಿ ಒಂದು ಬಳಪ ನಾಲ್ಕು ಜನಕ್ಕೆ. ಇಲ್ಲಿ ಒಬ್ಬೊಬ್ಬರಿಗೂ ಬಣ್ಣದ ಡಬ್ಬಿ. ಹೊಡೆತವಿಲ್ಲ, ಕಿವಿ ಹಿಂಡುವುದಿಲ್ಲ. ಎಲ್ಲ ಚೆನ್ನಾಗೇ ಇದೆ.

"ಆದ್ರೆ ಗಂಟೆ ಮಾತ್ರ ತಾನೇ ಬಡ್ಕೊಳ್ಳೋದು, ದೆವ್ವ ಹೊಕ್ಕ ಹಾಗೆ. ಯಾರ ಸರದಿಯೂ ಅಲ್ಲ," ಎಂದ ಹೊಲಿಗೆಯಮ್ಮನ ದನಿ ಸಣ್ಣದಾಯಿತು. "ಅಲ್ಲ ಕಣೇ, ಆ ಸೋಮವಾರ ಯಾರು ಹೊಡೆದ್ರು?"

ತುತ್ತೂರಿ ಲೋಟ ಕೆಳಗಿಟ್ಟಳು.

"ಯಾರೂ ಹೊಡೀಲಿಲ್ಲ ಕಣೇ. ಯಾರ ಸರದಿ ಅಂದ್ರು ಮೇಷ್ಟ್ರು. ಮೊಲದ್ದು ಅಂದ್ವಿ. 'ಬರಲಿ, ಓಡ್ತಾ ಬರೋಳು ಅವಳು' ಅಂತ ಮೆಟ್ಟಿಲ ಮೇಲೆ ಕೂತುಬಿಟ್ರು. ಬಿಸಿಲು ನೆತ್ತಿಗೇರಿತು. ಗಂಟೆ ಇಲ್ಲ, ಪಾಠ ಇಲ್ಲ, ಊಟಕ್ಕೂ ಬಿಡೋ ಹಾಗಿಲ್ಲ! ಹಸಿವಿಗೆ ಎಲ್ಲರೂ ನಿನಗೆ ಶಾಪ ಹಾಕಿದ್ದೇ ಹಾಕಿದ್ದು. ಕಡೆಗೆ ನನ್ನನ್ನ ನಿಮ್ಮ ಮನೆಗೆ ಕಳಿಸಿದ್ರು. ಬಾಗಿಲಿಗೆ ಬೀಗ. ಅಳ್ತಾ ವಾಪಸ್ ಬಂದೆ."

"ಮೇಷ್ಟ್ರು ಏನಂದ್ರು?"

"ಎದ್ದು ಕಂಬಿಯ ಹತ್ರ ಹೋದ್ರು. ಆಮೇಲೆ ಸರಳು ನನ್ನ ಕೈಗಿಟ್ಟು, 'ಅವಳ ಹೆಸರಲ್ಲಿ ಹೊಡಿ. ಇದು ಅವಳದ್ದು, ನಿನ್ನ ಹತ್ರ ಕಡ ಇರಲಿ' ಅಂದ್ರು."

ಹೊಲಿಗೆಯಮ್ಮ ಕಿಟಕಿಯತ್ತ ತಿರುಗಿದಳು. ಮಂಜು ತೆಳುವಾಗಿ, ಗೇಟು ತನ್ನ ಜಾಗದಲ್ಲೇ ಇತ್ತು. ದೇವರು ಯಾರನ್ನೂ ಒರೆಸುವುದಿಲ್ಲ, ಮಂಜು ಮುಚ್ಚುತ್ತದೆ ಅಷ್ಟೆ ಎನಿಸಿತು ಅವಳಿಗೆ.

"ಈಗ ನಮ್ಮಲ್ಲೂ ಕರೆಂಟಿನ ಗಂಟೆ ಬಂತು," ಎಂದಳು ತುತ್ತೂರಿ, ಚೀಲದ ತಳದಲ್ಲಿ ಕೈಯಾಡಿಸುತ್ತ. "ಕಂಬಿ ಗುಜರಿಯವನ ಪಾಲಾಯ್ತು. ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಪೆಟ್ಟಿಗೆ ಬಿಚ್ಚಿಸಿ, ಇದ್ಯಾವ ಆಯುಧ ಅಂದ. ಶಾಲೆ ಗಂಟೆದು ಅಂದೆ. ಗಂಟೆ ಎಲ್ಲಿ ಅಂದ. ಅದೊಂದು ದೊಡ್ಡ ಕಥೆಯಪ್ಪಾ ಅಂದೆ."

ತುತ್ತೂರಿ ಚೀಲದಿಂದ ಒಂದು ಉದ್ದನೆಯ ಗಂಟು ತೆಗೆದಳು. ಹಳೆಯ ಟವೆಲ್ಲಿನ ಸುತ್ತು ಬಿಚ್ಚಿ, ಮಕ್ಕಳ ಅಂಗೈ ಉಜ್ಜಿ ನುಣುಪಾಗಿದ್ದ ತುದಿಯನ್ನು ಗೆಳತಿಯ ಕಡೆಗೆ ಮಾಡಿ, ಆ ಸರಳನ್ನು ಮೆಲ್ಲಗೆ ಅವಳ ಕೈಗಿಟ್ಟಳು.