ಶ್ರಾವಣ ಬರಲಿ

ಮಂಚದ ಕೆಳಗೆ ಭುಜದವರೆಗೂ ಕೈ ತೂರಿಸಿ ನಿವೇದಿತಾ ತಡಕಾಡಿದಳು. ಸಿಕ್ಕಿದ್ದು ತನ್ನದೇ ಹಳೇ ಸ್ವೆಟರ್. ಅದರ ತುಂಬ ಬೆಕ್ಕಿನ ಕೂದಲಿತ್ತು, ಬೆಕ್ಕಿರಲಿಲ್ಲ.

"ಮತ್ತೆ ಕೆಳಗೆ ಹೋಗೇತೇನು?" ಗಂಡ ಶಿವರಾಜ ಪೇಪರಿನ ಹಿಂದಿನಿಂದಲೇ ಕೇಳಿದ.

"ಹೋಗ್ದೆ ಏನ್ ಮಾಡ್ತತಿ? ಅಲ್ಲಿ ಮೀನು ಬೇಯ್ತತಲ್ಲ!"

ಬೆಳ್ಳಿಯನ್ನು ತಂದವಳು ಅವಳು. ವೈಟ್‌ಫೀಲ್ಡಿನ ಆಫೀಸಿನ ಹಿಂದೆ, ಜನರೇಟರ್ ಕೋಣೆಯ ಮೂಲೆಗೆ ಬೀದಿನಾಯಿಗಳು ಒತ್ತರಿಸಿದ್ದ ಬೂದು ಬೆಕ್ಕು. ದುಪಟ್ಟಾದಲ್ಲಿ ಸುತ್ತಿ ಆಟೋದಲ್ಲಿ ಪಟ್ಟಂದೂರು ಅಗ್ರಹಾರದ ಬಾಡಿಗೆ ಮನೆಗೆ ತಂದಳು. ದಾರಿಯಲ್ಲಿ ಅದು ಪರಚಲಿಲ್ಲ, ಕಚ್ಚಲಿಲ್ಲ, ನಡುಗುತ್ತಲೇ ಇತ್ತು. ಅಂದಿನಿಂದ ಮೊದಲೇ ಸದ್ದಿಲ್ಲದ ಮನೆ ಇನ್ನೂ ತಣ್ಣಗಾಯಿತು. ಬೆಕ್ಕು ಬೆದರಬಾರದೆಂದು ಮಿಕ್ಸಿ ಮೂಲೆ ಸೇರಿತು, ಶಿವರಾಜನ ಪೇಜರ್ ದಿಂಬಿನಡಿ ಹೋಯಿತು, ಸೀನು ಬಂದರೆ ಅವನು ಬಚ್ಚಲಿಗೆ ಓಡಬೇಕಾಯಿತು. ನಿವೇದಿತಾ ಹಾಲನ್ನ ಕಲಸಿ, ಮಂಚದ ಮುಂದೆ ಬೋರಲು ಮಲಗಿ, "ಬಾ ಬೆಳ್ಳಿ, ಬಾರೇ ನಮ್ಮವ್ವ" ಎಂದು ಗಂಟಲು ಒಣಗುವಷ್ಟು ಕರೆದಳು. ಬೆಳ್ಳಿ ಉಣ್ಣುತ್ತಿದ್ದದ್ದು ಅವಳು ಆಫೀಸಿಗೆ ಹೋದ ಮೇಲೆ.

ಅಂಥ ಬೆಕ್ಕು ಕೆಳಮನೆಯ ಓನರ್ ಭದ್ರಮ್ಮನ ಮಡಿಲಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗುತ್ತಿತ್ತು.

ಮೊದಲ ಸಲ ನೋಡಿದಾಗ ನಿವೇದಿತಾಳಿಗೆ ಎದೆಯಲ್ಲಿ ಕೆಂಡ ಇಟ್ಟಂತಾಯಿತು. ಬೆಳ್ಳಿ ಎಂಬ ಹೆಸರು ಆ ಮುದುಕಿಯ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಅವಳಿಗೆ ಅದು ಬರೀ 'ಇದು'.

"ಮೀನಿನ ತಲೆ ತೋರ್ಸಿ ಮರುಳು ಮಾಡ್ಯಾಳೆ. ನಾವು ಲಿಂಗ ಕಟ್ಟಿದೋರು, ಮೊಟ್ಟೆ ಸೈತ ಮನಿಗೆ ತರಂಗಿಲ್ಲ. ಇದ್ಯಾವ ನ್ಯಾಯ?"

"ಅಯ್ನೋರ್ನ ಕರೆಸಿ ಬೆಕ್ಕಿಗೂ ಲಿಂಗ ಕಟ್ಟಿಸಿಬಿಡು," ಎಂದ ಶಿವರಾಜ.

ಅವಳು ನಗಲಿಲ್ಲ. ಶ್ರಾವಣ ಬರಲಿ, ಎಂದುಕೊಂಡಳು. ಶ್ರಾವಣದಲ್ಲಿ ಭದ್ರಮ್ಮನ ಮನೆಯಲ್ಲೂ ಮೀನು, ಮಾಂಸದ ಸುದ್ದಿ ಇರುವುದಿಲ್ಲ. ಆಗ ನೋಡೋಣ ಯಾರ ಬಟ್ಟಲು ಗೆಲ್ಲುತ್ತದೆಂದು.

ಶ್ರಾವಣ ಬಂತು. ಭದ್ರಮ್ಮ ಮನೆ ತೊಳೆದು, ಮೀನಿನ ಮಡಕೆಯನ್ನು ಅಟ್ಟಕ್ಕೇರಿಸಿದಳು. ಆ ಭಾನುವಾರ ನಿವೇದಿತಾ ಕೆನೆಹಾಲಿಗೆ ತುಪ್ಪದನ್ನ ಕಲಸಿಟ್ಟು, ಬೇಕೆಂದೇ ಬಾಗಿಲು ತೆರೆದು ಕೂತಳು. ಬೆಳ್ಳಿ ಮಂಚದಡಿಯಿಂದ ಬಂತು, ಬಟ್ಟಲು ಮೂಸಿತು, ಅವಳ ಮುಖ ನೋಡಿತು. ಆಮೇಲೆ ಗೋಡೆಗೆ ಮೈ ಒತ್ತಿಕೊಂಡೇ ಅವಳನ್ನು ದಾಟಿ ಮೆಟ್ಟಿಲಿಳಿಯಿತು.

ಅವಳೂ ಬೆನ್ನಿಗೇ ಇಳಿದಳು. ಭದ್ರಮ್ಮ ಜಗಲಿಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ, ಕರೆಯಲಿಲ್ಲ. ಬೆಕ್ಕು ತಾನಾಗಿ ಮಡಿಲೇರಿ, ಒಂದು ಸುತ್ತು ತಿರುಗಿ, ಮುದುರಿ, ಕಣ್ಣು ಮುಚ್ಚಿತು.

"ಏನ್ ಹಾಕ್ತೀರಿ ಭದ್ರಮ್ಮನೋರೆ ಇದಕ್ಕೆ?" ನಿವೇದಿತಾಳ ದನಿ ಚೂಪಾಗಿತ್ತು.

"ಏನಿಲ್ಲ ಕಣಮ್ಮಾ. ಈಗ ನಮ್ಮನೇಲಿ ಏನೈತೆ, ಸೊಪ್ಪಿನ ಸಾರು. ಅದ್ನ ಇದು ಮೂಸೂ ನೋಡಾಕಿಲ್ಲ."

"ಮತ್ತೆ ಯಾಕ್ ಬರ್ತತಿ?"

"ನನ್ನೇನ್ ಕೇಳ್ತೀಯ? ಬತ್ತದೆ, ಮನಿಕ್ಕಂತದೆ. ಅದರ ಪಾಡಿಗೆ ಅದು, ನನ್ ಪಾಡಿಗೆ ನಾನು."

ನಿವೇದಿತಾಳ ಕಣ್ಣು ಉರಿಯಿತು. ಮೀನೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಮೀನಿನ ಮೇಲೆ ಸಿಟ್ಟಾಗಬಹುದಿತ್ತು.

ಭದ್ರಮ್ಮ ಆಗ ತಲೆ ಎತ್ತಿದಳು. "ಅಯ್ಯೋ ಶಿವನೇ, ಇಷ್ಟಕ್ಕೆ ಕಣ್ಣೀರಾ? ನಂಗ್ಯಾಕಮ್ಮಾ ಬೆಕ್ಕು, ತಗಾ."

ಸೊಪ್ಪನ್ನು ಪಕ್ಕಕ್ಕೆ ಸರಿಸಿ, ನಿದ್ದೆ ಹೋಗಿದ್ದ ಬೆಕ್ಕನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಹಿಡಿದಳು. ಅದರ ಕಾಲುಗಳು ಗಾಳಿಯಲ್ಲಿ ಜೋಲಾಡಿದವು. ಅರೆಗಣ್ಣು ತೆರೆದು ಮತ್ತೆ ಮುಚ್ಚಿತು. ಆ ಕೈಗಳಲ್ಲಿ ಅದಕ್ಕೆ ನಡುಕವೇ ಇರಲಿಲ್ಲ.

"ಇಡ್ಕಳಮ್ಮಾ. ನಿಂದೇ ತಾನೆ."

ನಿವೇದಿತಾ ಎರಡೂ ಕೈಗಳನ್ನು ದುಪಟ್ಟಾದೊಳಗೆ ಸುತ್ತಿಕೊಂಡಳು.

"ನಂಗೆ ಬೇಡ," ಎಂದಳು.