ಮಂಗಳವಾರದ ವಿಮಾನ

ಮಂಗಳವಾರ ಊಟಕ್ಕೆ ಕೂತಾಗ ನಾನು ಬಾಯಿ ಬಿಡಬಾರದಿತ್ತು. ಈ ಸಾಲನ್ನು ಡೈರಿಯಲ್ಲಿ ಮೂರು ಸಲ ಬರೆದು ಹೊಡೆದುಹಾಕಿದ್ದೇನೆ. ನಾನು ಆಡಿದ್ದು ಒಂದೇ ಮಾತು: ‘ಇವತ್ತು ಯೂನಿವರ್ಸಿಟಿ ವಿಮಾನ ಸ್ಯಾನ್ ಡಿಯೆಗೊಗೆ ಹೋಯ್ತು.’ ಯೂನಿವರ್ಸಿಟಿಯ ಪ್ರಯಾಣ ವಿಭಾಗದಲ್ಲಿ ನಾನು ಗುಮಾಸ್ತೆ. ಯಾರು ಎಲ್ಲಿಗೆ ಹೋದರೆಂದು ಹೊರಗೆ ಹೇಳಿದರೆ ಕೆಲಸ ಹೋಗುತ್ತದೆ.

ಅಪ್ಪ ಚಮಚ ಕೆಳಗಿಟ್ಟರು. ಫೋನಿನಲ್ಲಿ ವಿಮಾನದ ದಾರಿ ಹುಡುಕಿ ಯೂನಿವರ್ಸಿಟಿ ತಂಡಗಳ ಅಭಿಮಾನಿಗಳ ಗುಂಪಿಗೆ ಹಾಕಿದರು. ಬೆಳಗಾಗುವಷ್ಟರಲ್ಲಿ ಅರ್ಧ ನೆಬ್ರಾಸ್ಕ ರಾಜ್ಯಕ್ಕೆ ಗೊತ್ತಾಗಿತ್ತು: ಎಂಬತ್ತು ವರ್ಷ ಅಕ್ಕಪಕ್ಕದ ಕಾಲೇಜುಗಳ ಜೊತೆ ಆಡಿದ ನಮ್ಮ ತಂಡಗಳು ಈ ಕ್ರೀಡಾ ಒಕ್ಕೂಟ ಬಿಟ್ಟು ಸ್ಯಾನ್ ಡಿಯೆಗೊ ಕಡೆಯ ಕ್ಯಾಲಿಫೋರ್ನಿಯಾ ಕರಾವಳಿಯ ಶ್ರೀಮಂತ ಒಕ್ಕೂಟಕ್ಕೆ ಸೇರುತ್ತವಂತೆ!

ವಿಮಾನದಲ್ಲಿ ಯಾರಿದ್ದರು ಎಂದು ಅಪ್ಪ ಒಮ್ಮೆಯೂ ಕೇಳಲಿಲ್ಲ.

ಶನಿವಾರ ಫುಟ್‌ಬಾಲ್ ಪಂದ್ಯಕ್ಕೆ ಮೊದಲು ಎಲ್ಲರೂ ಕ್ರೀಡಾಂಗಣದ ಹೊರಗೆ ಸೇರಿದ್ದೆವು. ಅಪ್ಪನ ಟ್ರಕ್ಕಿನ ಹಿಂಬಾಗಿಲ ಮೇಲೆ ಚಿಲ್ಲಿ ಎಂಬ ಖಾರದ ಮಾಂಸದ ಸಾರಿನ ಪಾತ್ರೆ, ಪಕ್ಕದಲ್ಲಿ ದಾಲ್ಚಿನ್ನಿ ಬನ್ನು. ಅಪ್ಪನ ಹಳೆಯ ಸ್ನೇಹಿತ ವೆಂಡೆಲ್ ಬನ್ನನ್ನು ಚಿಲ್ಲಿಯಲ್ಲಿ ಅದ್ದುತ್ತ ಕೂಗಿದ:

“ವಿಮಾನ ಸುಮ್ನೆ ಹಾರುತ್ತೇನೋ ಡ್ವೇನ್? ಇನ್ನು ಈ ಜೋಳದ ಹೊಲದೋರ ಜೊತೆ ಆಡೋ ಕರ್ಮ ತಪ್ತು!”

“ನೀನ್ಯಾವ ಅರಮನೇಲಿ ಹುಟ್ಟಿದ್ಯಪ್ಪಾ?” ಅಪ್ಪ ನಕ್ಕು, ನನ್ನ ತಂಗಿ ಟೆಸ್ ಕಡೆ ತಿರುಗಿದರು. “ಪುಟ್ಟಾ, ಕಾಲೇಜಲ್ಲಿ ಓದೋ ವಿಷಯ ಬದಲಾಯಿಸೋಕೆ ಸೋಮವಾರವೇ ಕೊನೆ. ನರ್ಸಿಂಗ್ ಬಿಟ್ಟು ಏನಾದ್ರೂ ಸುಲಭದ್ದು ತಗೊಂಬಿಡು.”

ಟೆಸ್ ವಾಲಿಬಾಲ್ ಆಡುತ್ತಾಳೆ. ಅವಳ ಓದಿನ ಖರ್ಚೆಲ್ಲ ಆ ಆಟದಿಂದ ಸಿಕ್ಕ ವಿದ್ಯಾರ್ಥಿವೇತನದ್ದೇ. ನರ್ಸಿಂಗ್ ಓದಿಗೆ ಪ್ರತಿ ಗುರುವಾರ ಆಸ್ಪತ್ರೆ ಡ್ಯೂಟಿ, ತಪ್ಪಿಸುವ ಹಾಗಿಲ್ಲ. ಕರಾವಳಿಯ ಒಕ್ಕೂಟವಾದರೆ ಪಂದ್ಯಕ್ಕೆಂದು ಬುಧವಾರ ಹಾರಿ ಶುಕ್ರವಾರ ಮನೆಗೆ; ಗುರುವಾರ ತಪ್ಪಿಹೋಗುತ್ತದೆ. ಫುಟ್‌ಬಾಲಿನವರು ವಾರಕ್ಕೊಂದು ಪಂದ್ಯ ಆಡುತ್ತಾರೆ, ಅವರಿಗೇನು? ಈ ಹುಡುಗಿಯರ ಲೆಕ್ಕ ಅಲ್ಲಿ ಯಾರ ಬಾಯಲ್ಲೂ ಇರಲಿಲ್ಲ.

“ಆಯ್ತಪ್ಪಾ,” ಅಂದಳು ಟೆಸ್. ನೆಲ ನೋಡುತ್ತಿದ್ದಳು.

ದಿನಾ ಸಂಜೆ ನನ್ನ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಲು ಕಲಿತವಳು ಅವಳು. “ನಿಂದು ಯಾವಾಗ್ಲೂ ನಿದ್ದೆ ಮಾಡೋ ಬೆಕ್ಕಿನ ಬಿಪಿ ಕಣೇ,” ಎಂದು ಛೇಡಿಸುವವಳು. ಈಗ ನೋಡಬೇಕಿತ್ತು. ಕಿವಿಯೊಳಗೆ ರಕ್ತ ಗುದ್ದುತ್ತಿತ್ತು.

“ಕ್ಯಾಲಿಫೋರ್ನಿಯಾ ಹುಡುಗರು ಸಿಗ್ತಾರೆ, ನರ್ಸಮ್ಮ ಯಾಕಾಗ್ಬೇಕು ಬಿಡು!” ವೆಂಡೆಲ್ ಬಾಯ್ತುಂಬ ಬನ್ನಿಟ್ಟುಕೊಂಡೇ ನಕ್ಕ. ಅಪ್ಪನೂ ನಕ್ಕರು.

ಅಪ್ಪನ ಕೈಯಲ್ಲಿದ್ದ ಸೌಟು ಕಿತ್ತುಕೊಂಡು ಪಾತ್ರೆಗೆ ಕುಕ್ಕಿದೆ. ಚಿಲ್ಲಿ ವೆಂಡೆಲ್‌ನ ಬಿಳಿ ಅಂಗಿಗೆ ಸಿಡಿಯಿತು.

“ಏ! ಏನಾಯ್ತೇ ನಿಂಗೆ, ಮಾರ್ಲಿಸ್?” ಅಪ್ಪ ಬೆಚ್ಚಿದರು. ನಾನು ನಾಲ್ಕು ಜನರೆದುರು ದನಿ ತೆಗೆದವಳೇ ಅಲ್ಲ.

“ಆ ವಿಮಾನ ಯಾವ ಒಕ್ಕೂಟಕ್ಕೂ ಹೋಗಿಲ್ಲ, ಅಪ್ಪಾ,” ಅಂದೆ. ಪಕ್ಕದ ಟ್ರಕ್ಕಿನವರೂ ತಿರುಗಿದರು; ತಿರುಗಲಿ. “ಯೂನಿವರ್ಸಿಟಿಗೆ ದಾನ ಕೊಟ್ಟಿದ್ದ ಅಜ್ಜಿಯೊಬ್ಬರು ತೀರಿಹೋಗಿ, ಅವರ ಮಣ್ಣಿಗೆ ಹೋಗಿತ್ತು. ಅದರ ಕಾಗದಪತ್ರ ಮಾಡಿದವಳು ನಾನೇ.”