ಟೈಲರ್ ಮಾಸ್ಟ್ರ ಸೊಂಟದ ಅಳತೆ

ಒಂದು ಪ್ಯಾಂಟಿನ ಗುಂಡಿ ಅರ್ಧ ಇಂಚು ಒಳಕ್ಕೆ ಸರಿಯಿತು ಎಂಬ ಮಹತ್ತರ ಸಂಗತಿಯನ್ನು ಮೊದಲು ಎಲ್ಲರ ಗಮನಕ್ಕೆ ತರಬೇಕಾಗಿದೆ. ಪ್ಯಾಂಟು ಬಸ್ ನಿಲ್ದಾಣದ ಹಿಂದಿನ ರಸ್ತೆಯ ಟೈಲರ್ ಮಾಸ್ಟ್ರದು. ಸರಿಸಿದವರೂ ಅವರೇ. ಮುಂದಿನ ತಿಂಗಳು ಇನ್ನರ್ಧ ಇಂಚು. ಆಮೇಲೆ ಸೊಂಟಪಟ್ಟಿಯನ್ನೇ ಬಿಚ್ಚಿ, ಹಿಂದಿನಿಂದ ಹಿಡಿದು ಹೊಲಿದರು. ಅಂಗಿಗಳಿಗೂ ಅದೇ ಉಪಚಾರವಾಯಿತು. ಬೇರೆಯವರು ಸೊರಗಿದರೆ ಬಟ್ಟೆ ಜೋಲುತ್ತದೆ, ಕಂಡವರೆಲ್ಲ ವಿಚಾರಿಸುತ್ತಾರೆ. ಮಾಸ್ಟ್ರ ಬಟ್ಟೆ ಮಾತ್ರ ಅಳತೆಗೆ ಸರಿಯಾಗಿ ಕೂತೇ ಇತ್ತು. ಒಂಬತ್ತು ಕಿಲೋ ಕರಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಕಸುಬಿನ ಮೇಲೆ ಹಿಡಿತವೆಂದರೆ ಹಾಗಿರಬೇಕು.

ಹೆಂಡತಿ ನೋಡುತ್ತಿದ್ದದ್ದು ಬಟ್ಟೆಯನ್ನಲ್ಲ, ತಟ್ಟೆಯನ್ನು. ಊಟ ಐದು ನಿಮಿಷ ತಡವಾದರೆ ಕತ್ತರಿ ಸಮೇತ ಎದ್ದು ಬರುತ್ತಿದ್ದ ಮನುಷ್ಯ ಈಗ ನಾಲ್ಕೇ ತುತ್ತಿಗೆ "ಹೊಟ್ಟೆ ತುಂಬ್ತು ಕಣೆ" ಎನ್ನುತ್ತಿದ್ದರು. "ಇನ್ನೊಂಚೂರು ಹಾಕು" ಎಂಬ ಮಾತಿಗಾಗಿ ಅವಳು ಸೌಟು ಹಿಡಿದು ನಿಂತೇ ಇರುತ್ತಿದ್ದಳು. ಆ ಮಾತು ಬರುತ್ತಿರಲಿಲ್ಲ.

ಮಾಸ್ಟ್ರದೂ ಅದೇ ಕಥೆ. ಮಧ್ಯಾಹ್ನ ಪಕ್ಕದ ಅಂಗಡಿಯವರು ಡಬ್ಬಿ ಬಿಚ್ಚುವ ಸದ್ದು ಕೇಳಿದರೆ ಮಿಷನ್ ತುಳಿಯುವುದು ನಿಲ್ಲಿಸಿ ಕೂರುತ್ತಿದ್ದರು. ಬೇಕಾಗಿದ್ದದ್ದು ಊಟವಲ್ಲ, ಹಸಿವು. ಹೊಟ್ಟೆ ಚುರುಗುಟ್ಟಿಸಿ, ಸಿಟ್ಟು ನೆತ್ತಿಗೇರಿಸಿ, ಮನೆಯವರ ಮೇಲೆ ರೇಗಾಡಿಸುತ್ತಿದ್ದ ಆ ಹಳೆಯ ಹಸಿವು. ಹೇಳದೆ ಕೇಳದೆ ಊರು ಬಿಟ್ಟ ಗೆಳೆಯನ ದಾರಿ ಕಾಯುವ ಹಾಗೆ ಅದರ ದಾರಿ ಕಾಯುತ್ತಿದ್ದರು.

ಪಕ್ಕದ ಮನೆಯ ನರ್ಸ್ ಒಂದು ದಿನ ಯೂನಿಫಾರ್ಮ್ ಲೂಸ್ ಮಾಡಿಸಲು ಬಂದಳು. ಮಿಷನ್ ಮೇಲೆ ಮಾಸ್ಟ್ರ ಪ್ಯಾಂಟು ಒಳಮೈ ಮೇಲಾಗಿ ಬಿದ್ದಿತ್ತು. ಬಿಚ್ಚಿದ ಹಳೆಯ ಹೊಲಿಗೆಯ ಗುರುತು ಮೂರು ಸಾಲು.

"ಏನ್ ಮಾಸ್ಟ್ರೇ, ನಾನು ಲೂಸ್ ಮಾಡಿಸೋಕೆ ಬಂದ್ರೆ ನೀವು ಟೈಟ್ ಮಾಡ್ಕೊಂಡು ಕೂತಿದೀರಿ?"

"ಗ್ಯಾಸು ಕಣಮ್ಮ. ಮಾತ್ರೆ ತಗೋತಿದೀನಿ. ನಾಲ್ಕು ತಿಂಗಳಾಯ್ತು."

"ನಾಲ್ಕು ತಿಂಗಳು ಗ್ಯಾಸ್ ತುಂಬಿದ್ರೆ ಬಲೂನ್ ಆಗ್ಬೇಕಿತ್ತು, ನೀವು ದಾರ ಆಗಿದೀರ. ನಾಳೆ ನನ್ ಜೊತೆ ಬನ್ನಿ."

ಆಸ್ಪತ್ರೆಯಲ್ಲಿ ಗಂಟಲಿನಿಂದ ಸಣ್ಣ ಕೊಳವೆ ಇಳಿಸಿ ಜಠರದ ಒಳಗನ್ನು ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಜಠರದ ಕ್ಯಾನ್ಸರ್ ಎಂದು ಬಂತು. ಸ್ಕ್ಯಾನ್‌ನಲ್ಲಿ ಬೇರೆಡೆ ಹರಡಿದ್ದು ಕಾಣಲಿಲ್ಲ. ಜಠರದ ಕೆಳಭಾಗ ತೆಗೆಯಬೇಕು, ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ ಸಣ್ಣ ರಂಧ್ರಗಳಿಂದಲೇ ಮಾಡಬಹುದು ಎಂದರು ಸರ್ಜನ್.

ಮನೆಗೆ ಬಂದ ಮಾಸ್ಟ್ರು ಗೋಡೆಗೆ ಒರಗಿ ಕೂತು ತೀರ್ಪು ಕೊಟ್ಟರು. "ಆಗಲ್ಲ. ಸಣ್ಣ ತೂತಲ್ಲಿ ಏನ್ ಕಾಣುತ್ತೆ? ರೋಗ ಅರ್ಧ ಒಳಗೇ ಉಳಿಯುತ್ತೆ. ಇದು ಕೆಲಸ ಕದಿಯೋರ ಉಪಾಯ. ನಲವತ್ತು ವರ್ಷ ಕತ್ತರಿ ಹಿಡಿದೋನಿಗೆ ಇವ್ರು ಹೇಳ್ತಾರಾ?"

ಜೊತೆಗೇ ಬಂದಿದ್ದ ನರ್ಸ್ ಕೇಳಿದಳು: "ಹೋದ ವರ್ಷ ನಮ್ಮನೆಯವರ ಕೋಟು ಹೊಲಿದ್ರಲ್ಲ. ಲೈನಿಂಗ್ ಸೇರಿಸಿ, ಒಳಮೈ ಹೊರಗಿಟ್ಟು ಸುತ್ತ ಹೊಲಿದ್ರಿ. ಆಮೇಲೆ ಇಡೀ ಕೋಟನ್ನ ಎಲ್ಲಿಂದ ತಿರುವಿ ತೆಗೆದ್ರಿ?"

ಮಾಸ್ಟ್ರು ಬೆರಳು ಅಗಲಿಸಿ ತೋರಿಸಿದರು. "ತೋಳಿನ ಲೈನಿಂಗಲ್ಲಿ ಒಂದು ಗೇಣು ಬಿಟ್ಟಿರ್ತೀವಿ."

"ಗೇಣು ಜಾಗದಲ್ಲಿ ಇಡೀ ಕೋಟು! ಅವತ್ತು ನಾನು ಕೆಲಸ ಕದ್ರಿ ಅಂದ್ನಾ? ಡಾಕ್ಟರಿಗಾದ್ರೆ ಒಳಗೆ ಕ್ಯಾಮೆರಾ ಇರುತ್ತೆ, ಪರದೆ ಮೇಲೆ ಎಲ್ಲಾ ದೊಡ್ಡದಾಗಿ ಕಾಣುತ್ತೆ. ಕತ್ತರಿಸಿದ ಭಾಗನ ಚೀಲಕ್ಕೆ ಹಾಕಿ, ಒಂದು ತೂತು ಸ್ವಲ್ಪ ಅಗಲ ಮಾಡಿ ಹೊರಗೆ ತರ್ತಾರೆ. ಒಳಗೆ ತೆಗೆಯೋದು ದೊಡ್ಡದಾಗಿ ಕೊಯ್ದಾಗ ತೆಗೆದಷ್ಟೇ, ಹೊರಗೆ ಕೊಯ್ಯೋದು ಕಮ್ಮಿ. ಸಾಮಾನ್ಯವಾಗಿ ನೋವೂ ಕಮ್ಮಿ, ಬೇಗ ಎದ್ದು ಓಡಾಡ್ತಾರೆ."

"ಎಲ್ರಿಗೂ ಹೀಗೇ ಮಾಡ್ತಾರೇನಮ್ಮ?" ಎಂದಳು ಹೆಂಡತಿ.

"ಇಲ್ಲಕ್ಕ. ಗಡ್ಡೆ ಎಲ್ಲಿದೆ, ಎಷ್ಟಿದೆ ಅಂತ ನೋಡಿ ಡಾಕ್ಟರು ಹೇಳ್ತಾರೆ. ಕೆಲವರಿಗೆ ದೊಡ್ಡದಾಗಿ ಕೊಯ್ಯಲೇಬೇಕು. ಆಪರೇಷನ್ ಮಧ್ಯದಲ್ಲಿ ತೊಂದರೆ ಕಂಡ್ರೆ ಮಾಸ್ಟ್ರಿಗೂ ಅಷ್ಟೇ."

ಮಾಸ್ಟ್ರು ತಮ್ಮ ಸೊಂಟಪಟ್ಟಿಯೊಳಗೆ ಬೆರಳು ತೂರಿಸಿ ನೋಡಿಕೊಂಡರು. "ಆಮೇಲೆ... ಹಸಿವಾಗುತ್ತಾ?"

"ಒಂದೇ ಸಲ ತಟ್ಟೆ ಬಳಿಯೋಕಾಗಲ್ಲ. ಚೂರು ಚೂರು, ದಿನಕ್ಕೆ ಐದಾರು ಸಲ. ಹಸಿವು ಯಾವತ್ತು ಬರುತ್ತೆ ಅಂತ ನಾನು ಮಾತು ಕೊಡಲ್ಲ ಮಾಸ್ಟ್ರೇ."

"ಆರು ಸಲ ಬಡಿಸ್ತೀನಿ ರೀ," ಎಂದಳು ಹೆಂಡತಿ. "ಬೈಕೊಂಡೇ ಬಡಿಸ್ತೀನಿ. ನೀವು ಎದುರಿಗೆ ಕೂತಿರಿ, ಅಷ್ಟು ಸಾಕು."

ಮಾಸ್ಟ್ರು ನರ್ಸ್ ಕಡೆ ತಿರುಗಿದರು. "ಸಹಿ ಎಲ್ಲಿ ಹಾಕ್ಬೇಕು, ಹೇಳಮ್ಮ."

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತಿದೆಯೇ? ಕಾರಣವಿಲ್ಲದೆ ತೂಕ ಇಳಿಯುತ್ತಿದೆಯೇ? ಅಜೀರ್ಣ ಎರಡು-ಮೂರು ವಾರವಾದರೂ ಬಿಟ್ಟಿಲ್ಲವೇ? ಡಾಕ್ಟರಿಗೆ ತೋರಿಸಿ. ವಾಂತಿಯಲ್ಲಿ ರಕ್ತ ಕಂಡರೆ, ಮಲ ಡಾಂಬರಿನಂತೆ ಕಪ್ಪಗಾದರೆ ಆ ದಿನವೇ ಹೋಗಿ. ಅದು ಕ್ಯಾನ್ಸರೇ ಆಗಿರಬೇಕೆಂದಿಲ್ಲ. ಹೌದೋ ಅಲ್ಲವೋ ಎಂದು ಹೇಳಬೇಕಾದವರು ಡಾಕ್ಟರು, ನಿಮ್ಮ ಗ್ಯಾಸ್ ಮಾತ್ರೆಯಲ್ಲ. ಶಸ್ತ್ರಚಿಕಿತ್ಸೆ ಬೇಕೆಂದರೆ, ಸಣ್ಣ ರಂಧ್ರದಿಂದ ಆಗುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಬೇಗ ಹೋದಷ್ಟೂ ದಾರಿಗಳು ಹೆಚ್ಚು.

ಮಾಸ್ಟ್ರಿಗೆ ಐದು ರಂಧ್ರಗಳಲ್ಲಿ ಶಸ್ತ್ರಚಿಕಿತ್ಸೆ ಮುಗಿಯಿತು. ಎಂಟನೆಯ ದಿನ ಮನೆಗೆ ಬಂದರು. ಹಸಿವು ಅದಾದ ಐದನೆಯ ತಿಂಗಳಲ್ಲಿ, ಒಂದು ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಬಂತು.